ಮೂಡಲಪಾಳ್ಯದ ತಾಯಿಯ ಪತ್ರ

ಮೂರನೇ ಅಡ್ಡರಸ್ತೆಯಲ್ಲಿ ಸಿಕ್ಕ ಲಕ್ಷ್ಮಿಗೆ ಮಕ್ಕಳೇ ಇರಲಿಲ್ಲ. ಐದನೆಯದರಲ್ಲಿ ಸಿಕ್ಕವಳ ಮಗ ಇನ್ನೂ ಎರಡನೇ ಕ್ಲಾಸು. ಚೇತನಾ ದುಪಟ್ಟಾದಿಂದ ಮುಖ ಒರೆಸಿಕೊಂಡು ವಾಚು ನೋಡಿದಳು. ಮೂರೂಕಾಲು. ಐದು ಗಂಟೆಯೊಳಗೆ ಆ ತಾಯಿಯನ್ನು ಪತ್ರಿಕೆಯ ಆಫೀಸಿಗೆ ಕರೆದುಕೊಂಡು ಹೋಗಬೇಕು. ಇಲ್ಲದಿದ್ದರೆ ವ್ಯಂಗ್ಯಚಿತ್ರಕಾರ ವೆಂಕಟಗಿರಿಯವರ ಕೆಲಸ ಹೋಗುತ್ತದೆ.

"ಯಾವ ಲಕ್ಷ್ಮಿ ಮೇಡಂ? ಮೂಡಲಪಾಳ್ಯದಲ್ಲಿ ಲಕ್ಷ್ಮೀ ಅಂತ ಒಂದು ಸಲ ಕೂಗಿ, ಹತ್ತು ಜನ ಬಾಗಿಲಿಗೆ ಬರ್ತಾರೆ." ಇಸ್ತ್ರಿ ಅಂಗಡಿಯ ಬಸವಕುಮಾರ್ ನಕ್ಕ. "ಡೋರ್ ನಂಬರ್ ಇಲ್ವಾ?"

"ಇಲ್ಲ ಅಣ್ಣ. ಮಗ ಮಿಲಿಟರೀಲಿದ್ದಾನೆ. ಪೇಪರಿಗೆ ಪತ್ರ ಬರೆದಿದ್ರು."

ಅವನ ನಗು ನಿಂತಿತು. "ಓ, ಆ ತಾಯೀನಾ? ಬೆಳಿಗ್ಗೆಯಿಂದ ಟೀವಿಯವರೂ ಹುಡುಕ್ತಾ ಇದಾರೆ. ಸಿಕ್ಕಿದ್ರೆ ನಾನೇ ಕಾಲಿಗೆ ಬೀಳ್ತೀನಿ. ಆ ಚಿತ್ರ ಬರೆದವನು ಸಿಕ್ಕಿದ್ರೆ..." ಇಸ್ತ್ರಿ ಪೆಟ್ಟಿಗೆ ಎತ್ತಿ ತೋರಿಸಿದ. "ಇದನ್ನ ಬೆನ್ನಿಗೆ ಇಡ್ತೀನಿ."

ಚೇತನಾ ಮುಂದೆ ನಡೆದಳು.

ಯುದ್ಧ ಶುರುವಾಗಿ ಹನ್ನೊಂದು ದಿನ. ಟೀವಿ ಚಾನೆಲ್‌ಗಳು ದಿನಕ್ಕೊಂದು ಊರು ಗೆಲ್ಲುತ್ತಿದ್ದವು. ಮಾರನೆಯ ದಿನ ಆ ಊರಿನ ಸುದ್ದಿಯೇ ಇರುತ್ತಿರಲಿಲ್ಲ. ರಾಜಾಜಿನಗರದ ಪುಟ್ಟ ಪತ್ರಿಕೆ 'ಪಡುವಣ ವಾರ್ತೆ'ಯಲ್ಲಿ ಇಪ್ಪತ್ತಾರು ವರ್ಷದಿಂದ ವ್ಯಂಗ್ಯಚಿತ್ರ ಬರೆಯುತ್ತಿದ್ದ ವೆಂಕಟಗಿರಿ ಸೋಮವಾರ ಒಂದು ಚಿತ್ರ ಬರೆದರು. ಹೆಲ್ಮೆಟ್ ಹಾಕಿಕೊಂಡ ನಿರೂಪಕ ಸ್ಟುಡಿಯೋದಲ್ಲಿ 'ಶತ್ರುವಿನ ರಾಜಧಾನಿ ನಮ್ಮ ವಶ!' ಎಂದು ಅರಚುತ್ತಿದ್ದಾನೆ. ಕಂದಕದಲ್ಲಿ ಕುಳಿತ ಸೈನಿಕ ಮೊಬೈಲಿನಲ್ಲಿ ಅದನ್ನು ನೋಡಿ ಪಕ್ಕದವನನ್ನು ಕೇಳುತ್ತಿದ್ದಾನೆ: 'ಹಾಗಾದ್ರೆ ನಾವಿನ್ನು ಊರಿಗೆ ಹೋಗಬಹುದಾ?'

ಎರಡು ದಿನ ಜನ ಆಫೀಸಿಗೆ ಫೋನ್ ಮಾಡಿ ಮಾಡಿ ನಕ್ಕರು.

ಗುರುವಾರ ಚೇತನಾ ನೋಡಿಕೊಳ್ಳುತ್ತಿದ್ದ ಓದುಗರ ಅಂಕಣದಲ್ಲಿ ಆ ಪತ್ರ ಬಂತು. ಕೆಳಗೆ 'ಲಕ್ಷ್ಮಿ, ಮೂಡಲಪಾಳ್ಯ' ಎಂದಷ್ಟೇ ಇತ್ತು. 'ನನ್ನ ಮಗ ಗಡಿಯಲ್ಲಿದ್ದಾನೆ. ಅವನನ್ನು ಮನೆಗೆ ಓಡಿಬರಲು ಕಾಯುವವನಂತೆ ಬರೆದಿದ್ದೀರಿ. ನಿಮ್ಮ ನಗುವಿಗೆ ನನ್ನ ಮಗನೇ ಬೇಕಿತ್ತೆ? ನಿಮ್ಮ ಮನೆಯಿಂದ ಯಾರಾದರೂ ಹೋಗಿದ್ದಾರೆಯೆ?' ನಾಲ್ಕೇ ವಾಕ್ಯ. ಆ ಸಂಜೆಯೇ ಒಂದು ಚಾನೆಲ್ ಅದಕ್ಕೆ ಪಿಟೀಲು ಸೇರಿಸಿ ಓದಿತು. ಶುಕ್ರವಾರ ಬೆಳಿಗ್ಗೆ ಆಫೀಸಿನ ಮುಂದೆ ವೆಂಕಟಗಿರಿಯವರ ಪ್ರತಿಕೃತಿ ಸುಟ್ಟರು. ಮಧ್ಯಾಹ್ನ ಬಸವೇಶ್ವರನಗರದ ಅವರ ಮನೆಯ ಕಿಟಕಿಗೆ ಕಲ್ಲು ಬಿತ್ತು.

"ಕಲ್ಲು ಹೊಡೆದವರು ಹೊಡೀಲಿ ಕಣಮ್ಮ," ಎಂದಿದ್ದರು ಅವರು, ಇವತ್ತು ಬೆಳಿಗ್ಗೆ. "ಆ ಹೆಂಗಸಿನ ಮಾತು ಮಾತ್ರ ಎದೇಲಿ ಕೂತುಬಿಟ್ಟಿದೆ. ಡ್ರಾಯಿಂಗ್ ಬೋರ್ಡಿನ ಮುಂದೆ ಕೂತ್ರೆ ಕೈ ಓಡ್ತಾ ಇಲ್ಲ."

ಸಂಜೆ ಕಾಲೇಜು ಮುಗಿಸಿ, ಹೆದರಿಕೊಂಡು ಕೆಲಸಕ್ಕೆ ಸೇರಿದ ದಿನ ಚೇತನಾಗೆ ಕುರ್ಚಿ ಎಳೆದುಕೊಟ್ಟವರು ಅವರೇ. ಅವಳಿಗೆ ಅವರ ಮುಖ ನೋಡಲಾಗಲಿಲ್ಲ.

ಸಂಪಾದಕ ಶ್ರೀರಾಮ್ ಮಾತ್ರ ಒಂದು ದಾರಿ ಕಂಡುಕೊಂಡಿದ್ದರು. "ಆಯಮ್ಮನ್ನ ಕರ್ಕೊಂಡು ಬಾ. ಗಿರಿ ಕ್ಷಮೆ ಕೇಳ್ತಾರೆ, ಆಯಮ್ಮ ಕ್ಷಮಿಸಿದೆ ಅನ್ಲಿ, ಒಂದು ಫೋಟೋ ಹಾಕೋಣ. ಎಲ್ಲ ತಣ್ಣಗಾಗುತ್ತೆ. ಇಲ್ಲದಿದ್ರೆ ಯಜಮಾನರು ಐದು ಗಂಟೆಗೆ ಅವರನ್ನ ಮನೆಗೆ ಕಳಿಸ್ತಾರೆ. ಎಲ್ಲಿ, ಮೂಲ ಪತ್ರ ತಗೊಂಡು ಬಾ, ವಿಳಾಸ ಇರುತ್ತಲ್ಲ."

"ಹರಿದುಹಾಕಿಬಿಟ್ಟೆ ಸಾರ್."

"ಎಂಥ ಕೆಲಸ ಮಾಡ್ದೆ!"

ಚೇತನಾ ಬ್ಯಾಗು ತೆಗೆದುಕೊಂಡು ಹೊರಟುಬಂದಿದ್ದಳು.

ಒಂಬತ್ತನೇ ಅಡ್ಡರಸ್ತೆಯ ತಿರುವಿನಲ್ಲಿ ಜನ ಸೇರಿದ್ದರು. ಟೀವಿಯವರ ವ್ಯಾನು ನಿಂತಿತ್ತು. "ಸಿಕ್ಕಿದ್ರು, ಸಿಕ್ಕಿದ್ರು!" ಎಂದು ಯಾರೋ ಓಡಿದರು. ಚೇತನಾಗೆ ಮೊದಲು ನಂಬಿಕೆಯಾಗಲಿಲ್ಲ. ಆಮೇಲೆ ಅವಳೂ ಓಡಿದಳು.

ಶೀಟಿನ ಮನೆಯ ಮೆಟ್ಟಿಲ ಮೇಲೆ ಐವತ್ತರ ಹೆಂಗಸೊಬ್ಬಳು ಕುಳಿತಿದ್ದಳು. ಮುಂದೆ ಮೈಕು. "ಇವರೇ ಲಕ್ಷ್ಮಮ್ಮ. ಮಗ ಬಾರ್ಡರ್‌ನಲ್ಲಿದಾನೆ," ಎಂದು ಪಕ್ಕದ ಮನೆಯವಳು ಬಂದವರಿಗೆಲ್ಲ ಹೇಳುತ್ತಿದ್ದಳು.

ಚೇತನಾ ನುಗ್ಗಿಕೊಂಡು ಹೋಗಿ ಮೆಟ್ಟಿಲ ಬುಡದಲ್ಲಿ ಕುಕ್ಕರಿಸಿದಳು. "ಅಮ್ಮಾ, ನಾನು ಪೇಪರಿನವಳು. ಆ ಪತ್ರ... ನೀವು ಬರೆದಿದ್ದಾ?"

ಲಕ್ಷ್ಮಮ್ಮ ವರದಿಗಾರನ ಮುಖ ನೋಡಿದಳು, ಮೈಕು ನೋಡಿದಳು. "ಹೂಂ ಕಣಮ್ಮ. ನಾನೇ ಬರೆದದ್ದು."

ಮತ್ತೆ ನಾಲ್ಕೂ ವಾಕ್ಯ ಹೇಳಿದಳು, ಒಂದಕ್ಷರ ತಪ್ಪದೆ. ಜನ ಚಪ್ಪಾಳೆ ತಟ್ಟಿದರು. ಚೇತನಾ ಮೆಟ್ಟಿಲ ಅಂಚನ್ನು ಹಿಡಿದುಕೊಂಡಳು.

"ಕ್ಷಮಿಸಿದೆ ಅಂತ ಒಂದು ಮಾತು ಹೇಳಿ ಅಮ್ಮ," ಎಂದಳು, ಬಹಳ ಮೆಲ್ಲಗೆ. "ನಿಮ್ಮ ದಮ್ಮಯ್ಯ. ಒಬ್ಬರ ಬದುಕು ಉಳಿಯುತ್ತೆ."

"ನನ್ನ ಮಗನ ಫೋನು ಬಂದು ಹನ್ನೊಂದು ದಿನ ಆಯ್ತು." ಲಕ್ಷ್ಮಮ್ಮನ ಕೈ ವರದಿಗಾರನ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದಿತ್ತು. "ಇವರು ಡೆಲ್ಲೀಲಿ ವಿಚಾರಿಸಿ ಹೇಳ್ತೀವಿ ಅಂದಿದಾರೆ."

"ಕ್ಷಮೆ ಇಲ್ಲ ಅಲ್ವಾಮ್ಮ?" ವರದಿಗಾರ ಕೇಳಿದ. "ಕ್ಯಾಮೆರಾ ನೋಡ್ಕೊಂಡು ಹೇಳಿ."

"ಇಲ್ಲ," ಎಂದಳು ಲಕ್ಷ್ಮಮ್ಮ. ಕ್ಯಾಮೆರಾವನ್ನೇ ನೋಡುತ್ತ.

ಚೇತನಾಳ ಫೋನು ಹೊಡೆದುಕೊಂಡಿತು. ಶ್ರೀರಾಮ್. "ಟೀವಿ ನೋಡಿದ್ವಿ. ಬಂದ್ಬಿಡಮ್ಮ. ಯಜಮಾನರು ಹೇಳೋ ತನಕ ಗಿರಿ ಕಾಯಲೇ ಇಲ್ಲ. ‘ಆ ತಾಯಿಯೇ ಕ್ಷಮೆ ಇಲ್ಲ ಅಂದಮೇಲೆ ಮುಗೀತು, ಇನ್ನು ಜನ್ಮದಲ್ಲಿ ಬರೆಯಲ್ಲ’ ಅಂತ ಹೇಳಿ ಹೊರಟುಹೋದ್ರು."

ಬುಧವಾರ ಸಂಜೆ ಅಂಕಣಕ್ಕೆ ಬಂದಿದ್ದ ಹದಿನಾಲ್ಕು ಪತ್ರಗಳೂ ಚಿತ್ರವನ್ನು ಹೊಗಳಿದ್ದವು. ಒಂದೇ ಕಡೆಯ ಮಾತು ಹಾಕಿದರೆ ಅನ್ಯಾಯ, ಎದುರು ಮಾತೂ ಒಂದಿರಲಿ ಎಂದು ಚೇತನಾ ತನ್ನ ಮೇಜಿನಲ್ಲೇ ಕುಳಿತು, ಒಂದು ಹೆಸರು, ಒಂದು ಬಡಾವಣೆ ಯೋಚಿಸಿ, ಆ ನಾಲ್ಕು ವಾಕ್ಯಗಳನ್ನು ಬರೆದಿದ್ದಳು.