ಆರನೆಯ ಪುಟ

ಆ ಸೀಮೆಯಲ್ಲಿ ಯಾರೂ ಸುಮ್ಮನೆ ಸಾಯುವಂತಿರಲಿಲ್ಲ. ಪತ್ರಿಕೆಯ ಆರನೆಯ ಪುಟದಲ್ಲಿ ನಿಧನದ ಸುದ್ದಿ ಬರಬೇಕು, ಮನೆಯವರು ಅದನ್ನು ಓದಿ ಹೇಳಬೇಕು, ಆಮೇಲೆಯೇ ಪ್ರಾಣ ಹೋಗುತ್ತಿತ್ತು. ಇದ್ದದ್ದು ಒಂದೇ ಪತ್ರಿಕೆ. ಅದರ ಒಡೆಯರು ವಿರೂಪಾಕ್ಷಯ್ಯನವರು. ಎದುರು ಮಾತಾಡಿದ ಮಂತ್ರಿಯೊಬ್ಬನನ್ನು ಅವರು 'ನಾಳೆ ಜಾಗವಿಲ್ಲ' ಎನ್ನುತ್ತಲೇ ಆರು ವರ್ಷ ಹಾಸಿಗೆಯಲ್ಲಿ ನರಳಿಸಿದ್ದರು.

ಹೆಂಡತಿ ಗುರುಶಾಂತಮ್ಮ ಹಾಸಿಗೆ ಹಿಡಿದು ಒಂಬತ್ತು ವರ್ಷವಾಗಿತ್ತು. ಬೇಡಿಕೊಂಡಾಗಲೆಲ್ಲ ಹೆಂಡತಿಗೂ ಅದೇ ಉತ್ತರ.

"ಆ ಮಂತ್ರಿಗೆ ಹಗೆಯಿಂದ ಮಾಡಿದ್ದನ್ನೇ ನನಗೆ ಪ್ರೀತಿಯಿಂದ ಮಾಡ್ತಿದ್ದೀರಿ," ಎಂದಿದ್ದರು ಗುರುಶಾಂತಮ್ಮ ನಿನ್ನೆ. "ನೋವು ಮಾತ್ರ ಒಂದೇ ಕಣ್ರೀ."

ಸರ್ಕಾರಗಳನ್ನು ಉರುಳಿಸಿದ ಪೆನ್ನಿನಿಂದ ವಿರೂಪಾಕ್ಷಯ್ಯ ಆರನೆಯ ಪುಟಕ್ಕೆ ಎರಡು ಸಾಲು ಬರೆದು ಅಚ್ಚಿಗೆ ಕಳಿಸಿದರು.

ಈ ಬೆಳಿಗ್ಗೆ ಹೆಂಡತಿಯ ಪಕ್ಕದಲ್ಲಿ ಕೂತು ಪತ್ರಿಕೆ ಬಿಚ್ಚಿದರು. ಮುಖಪುಟ ಓದಿದರು. ಹವಾಮಾನ ಓದಿದರು. ಐದನೆಯ ಪುಟದ ಕೊಬ್ಬರಿ ಧಾರಣೆ, ಬೆಲ್ಲದ ಧಾರಣೆ, ಟೆಂಡರ್ ಪ್ರಕಟಣೆಗಳನ್ನೂ ಒಂದಕ್ಷರ ಬಿಡದೆ ಓದಿದರು. ಆ ಪುಟದಲ್ಲಿ ಇನ್ನೇನೂ ಉಳಿಯದಿದ್ದಾಗ ಬೆಲ್ಲದ ಧಾರಣೆಯನ್ನೇ ಮತ್ತೊಮ್ಮೆ ಓದತೊಡಗಿದರು.

ಗುರುಶಾಂತಮ್ಮ ಗಂಡನ ಕೈಯ ಮೇಲೆ ಕೈಯಿಟ್ಟರು.

"ಬೆಲ್ಲದ ರೇಟು ಗೊತ್ತಾಯ್ತು," ಎಂದರು. "ಪುಟ ತಿರುಗಿಸಿ."