ಬಾಗಿಲ ಬಳಿಯ ಗಂಡಸಿನ ಚಪ್ಪಲಿ

ಡಾಕ್ಟರಿಗೆ ಫೋನ್ ಮಾಡುವ ಮೊದಲು ಒಂದು ಲೋಟ ಹುಡುಕಬೇಕಿತ್ತು.

ಒಬ್ಬಳೇ ಇದ್ದ ಅಕ್ಕ ಕುರ್ಚಿಯಲ್ಲೇ ಹೋಗಿಬಿಟ್ಟಿದ್ದಳು. ತಲೆ ಒಂದು ಪಕ್ಕಕ್ಕೆ ವಾಲಿತ್ತು, ಕೈ ತಣ್ಣಗಿತ್ತು. ಎರಡು ದಿನದಿಂದ ಫೋನ್ ಎತ್ತುತ್ತಿಲ್ಲವೆಂದು ತಮ್ಮ ಬೆಳಿಗ್ಗೆಯೇ ಬಂದು, ತನ್ನ ಹತ್ತಿರವಿದ್ದ ಕೀಲಿಯಿಂದ ಬಾಗಿಲು ತೆಗೆದಿದ್ದ. ಐದು ನಿಮಿಷ ಗೋಡೆಗೊರಗಿ ಅತ್ತ. ಆರನೆಯ ನಿಮಿಷಕ್ಕೆ ಬೇರೆ ಯೋಚನೆ ಬಂತು. ಜನ ಕೇಳುತ್ತಾರೆ: ನೀನು ಕಡೆಯ ಸಲ ಬಂದದ್ದು ಯಾವಾಗ?

ಏಳು ತಿಂಗಳ ಹಿಂದೆ. ಅವನ ಚಪ್ಪಲಿ ರಿಪೇರಿ ಅಂಗಡಿ ಇಲ್ಲಿಂದ ನಾಲ್ಕೇ ಬೀದಿ ಆಚೆ. ಜಗಳವೇನೂ ಇರಲಿಲ್ಲ, ಇದ್ದಿದ್ದರೆ ಹೇಳಿಕೊಳ್ಳಲು ಒಂದು ನೆಪವಾದರೂ ಸಿಗುತ್ತಿತ್ತು. ನಾಳೆ ಹೋದರಾಯಿತು, ಭಾನುವಾರ ಹೋದರಾಯಿತು ಎನ್ನುತ್ತಲೇ ದಿನ ತಳ್ಳಿದ್ದ. ಫೋನಿನಲ್ಲಿ ಅಕ್ಕನೂ ಒತ್ತಾಯ ಮಾಡುತ್ತಿರಲಿಲ್ಲ. "ನಿನ್ನ ಕೆಲಸ ನೋಡ್ಕೋ. ನಂಗೇನು, ಸಂಜೆ ಆದ್ರೆ ಜೊತೆ ಇದ್ದೇ ಇರುತ್ತೆ" ಅನ್ನುತ್ತಿದ್ದಳು. ಯಾರ ಜೊತೆ ಎಂದು ಅವನು ಕೇಳಿರಲಿಲ್ಲ. ಕೇಳಿದರೆ ಮಾತು ಬೆಳೆಯುತ್ತಿತ್ತು.

ಅವಳ ಕಾಲಿನ ಕಡೆ ನೋಡಿ ಅವನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮನೆಯೊಳಗೆ ಹಾಕಿಕೊಳ್ಳುವ ಚಪ್ಪಲಿ. ಕಿತ್ತುಹೋದ ಬಾರಿಗೆ ಪಿನ್ನು ಚುಚ್ಚಿಕೊಂಡಿದ್ದಳು. ಊರಿನವರ ಚಪ್ಪಲಿಯನ್ನೆಲ್ಲ ಹೊಲಿದುಕೊಡುವವನ ಅಕ್ಕ ಅವಳು.

ಅವಳ ಎದುರಿಗೆ ಒಂದು ಲೋಟ ಇಟ್ಟರೆ ಸಾಕು. ಮೊನ್ನೆ ಸಂಜೆ ಬಂದಿದ್ದೆ, ಕಾಫಿ ಕುಡಿದು ಹೋದೆ, ಚೆನ್ನಾಗೇ ಇದ್ದಳು. ಸುಳ್ಳು ಬಾಯಿಪಾಠವಾಯಿತು. ನಾಚಿಕೆಯಿಂದ ಕಿವಿ ಬಿಸಿಯಾದರೂ ಕಾಲು ಅಡುಗೆಮನೆಗೆ ನಡೆಯಿತು.

ಅಲ್ಲಿ ತೊಳೆದು ಬೋರಲು ಹಾಕಿದ್ದ ಲೋಟಗಳು ಎರಡಿದ್ದವು.

ಅವನು ಹೊರಗೆ ಬಂದು, ಈ ಸಲ ಕಣ್ಣುಬಿಟ್ಟು ನೋಡಿದ. ಅಕ್ಕನ ಎದುರಿಗೆ ಇನ್ನೊಂದು ಕುರ್ಚಿ, ಅದರ ಮೇಲೆ ಮೆತ್ತನೆಯ ದಿಂಬು. ಮೇಜಿನ ಮೇಲೆ ಇಸ್ಪೀಟು ಎಲೆಗಳನ್ನು ಎರಡು ಕೈಗೆ ಹಂಚಿಟ್ಟಿತ್ತು. ಪಕ್ಕದಲ್ಲಿ ಒಂದು ಪುಸ್ತಕ, ಅದರಲ್ಲಿ 'ನಾನು', 'ಅವನು' ಎಂದು ಎರಡು ಸಾಲು. ದಿನಕ್ಕೊಂದು ಆಟ, ಮೊನ್ನೆಯ ಹಿಂದಿನ ದಿನದವರೆಗೂ. ಹೆಚ್ಚುಕಡಿಮೆ ಎಲ್ಲ ಆಟವನ್ನೂ ಆ 'ಅವನು' ಗೆದ್ದಿದ್ದ. ಅಕ್ಕ ಇಸ್ಪೀಟಿನಲ್ಲಿ ಸೋಲುವವಳೇ ಅಲ್ಲ, ಬೇಕೆಂದೇ ಸೋತರೆ ಮಾತ್ರ.

ಬಾಗಿಲ ಪಕ್ಕದಲ್ಲಿ ಕಪ್ಪು ಚರ್ಮದ ಗಂಡಸಿನ ಚಪ್ಪಲಿ, ಒರೆಸಿ ಜೋಡಿಸಿಟ್ಟದ್ದು. ಒಳಗೆ ಬರುವಾಗ ಅದನ್ನು ದಾಟಿಯೇ ಬಂದಿದ್ದ.

ಎದೆ ಒಂದು ಕ್ಷಣ ಹಗುರಾಯಿತು. ಅಕ್ಕ ಒಂಟಿಯಾಗಿರಲಿಲ್ಲ. ಮರುಕ್ಷಣವೇ ಮೈ ಉರಿಯಿತು. ಹಾಗಾದರೆ ಆ ಮನುಷ್ಯನೆಲ್ಲಿ? ಎದುರಿಗೆ ಕೂತವಳ ಜೀವ ಹೋಗುತ್ತಿದ್ದರೆ, ಯಾರನ್ನೂ ಕೂಗದೆ, ಬಾಗಿಲೆಳೆದುಕೊಂಡು ಬರಿಗಾಲಲ್ಲಿ ಓಡಿದನೇ? ಬಚ್ಚಲುಮನೆ ನೋಡಿದ. ಬೀರುವಿನ ಹಿಂದೆಯೂ ನೋಡಿದ. ಯಾರದೇ ಚಪ್ಪಲಿ ಕಂಡರೂ ಮೊದಲು ಮಗುಚಿ ಅಟ್ಟೆ ನೋಡುವುದು ಅವನ ಅಭ್ಯಾಸ. ಸವೆತ ನೋಡಿಯೇ ಆಸಾಮಿಯ ನಡಿಗೆ ಹೇಳುತ್ತಿದ್ದ. ಇವತ್ತು ಅದನ್ನು ಮುಟ್ಟಲೂ ಅಸಹ್ಯವಾಯಿತು. ತನಗಿಂತ ಕೀಳಾದವನೊಬ್ಬ ಸಿಕ್ಕಿದ್ದ. ಆ ಸಿಟ್ಟಿನಲ್ಲಿ ಒಂದು ಬಗೆಯ ಸಮಾಧಾನವೂ ಇತ್ತು.

ಫೋನ್ ಮಾಡಿದ ಅರ್ಧ ಗಂಟೆಗೆ ಡಾಕ್ಟರು ಬಂದರು. ಕೆಳಗಿನ ಮನೆಯ ಟೀಚರೂ ಹತ್ತಿ ಬಂದರು. ಆ ಮನೆಗೆ ಬಾಡಿಗೆಗೆ ಬಂದು ಅವರಿಗೆ ಆರು ತಿಂಗಳಾಗಿತ್ತು. ಇವನು ಅವರನ್ನು ನೋಡಿದ್ದು ಇದೇ ಮೊದಲು, ತಾನು ತಮ್ಮನೆಂದು ಹೇಳಿಕೊಂಡ. ಡಾಕ್ಟರು ಪರೀಕ್ಷೆ ಮಾಡಿ, ಹೃದಯ ನಿಂತಿದೆ, ಮೊನ್ನೆ ಸಂಜೆಯೇ ಇರಬೇಕು, ಹೆಚ್ಚು ನೋವು ತಿಂದಿಲ್ಲ ಎಂದರು. ಆಮೇಲೆ ಕಾಗದ ತೆಗೆದು, ಕಡೆಯದಾಗಿ ಇವರ ಜೊತೆ ಇದ್ದವರು ಯಾರು ಎಂದು ಕೇಳಿದರು.

"ಅದನ್ನೇ ಪತ್ತೆ ಮಾಡ್ಬೇಕು" ಎಂದ ತಮ್ಮ. ದಿನಾ ಸಂಜೆ ಒಬ್ಬ ಬರುತ್ತಿದ್ದ, ಸಾಯುವ ಹೊತ್ತಿಗೆ ಕೈಬಿಟ್ಟು ಹೋಗಿದ್ದಾನೆ, ಅಂಥವನಿಗೆ ನಾಚಿಕೆಯಾಗಬೇಕು ಎಂದು ದನಿ ಏರಿಸಿದ. ಲೋಟ, ಕುರ್ಚಿ, ಎಲೆ, ಚಪ್ಪಲಿ ಎಲ್ಲವನ್ನೂ ತೋರಿಸಿದ.

ಟೀಚರು ಕಣ್ಣೊರೆಸಿಕೊಂಡು ಅವನನ್ನೇ ನೋಡಿದರು.

"ಬೇರೆ ಯಾರ್ ಬರ್ತಿದ್ರು? ನೀವೇ ಅಲ್ವಾ? ಆರು ಗಂಟೆ ಆದ್ರೆ ಸಾಕು, ತಮ್ಮ ಬರೋ ಹೊತ್ತಾಯ್ತು ಅಂತ ಎದ್ದುಬಿಡೋರು. ಹಿಂದಿನ ಮೆಟ್ಟಿಲಿಂದ ಬರ್ತಾನೆ, ಅದಕ್ಕೇ ನಿಮಗೆ ಕಾಣಲ್ಲ ಅನ್ನೋರು. ಇಬ್ಬರೂ ಮಾತಾಡೋದು ಕೆಳಗಡೆ ಕೇಳ್ತಿತ್ತು." ಆಮೇಲೆ ತಾವೇ ತಿದ್ದಿಕೊಂಡರು. "ಅಂದ್ರೆ, ಅವರ ದನಿ ಕೇಳ್ತಿತ್ತು. ನಿಮ್ಮದು ಮೆಲುಮಾತು ಅಂದ್ಕೊಂಡಿದ್ದೆ."

"ಹಾಗಾದ್ರೆ ತಮ್ಮ ಅಂತಲೇ ಬರ್ಕೊಳ್ತೀನಿ" ಎಂದರು ಡಾಕ್ಟರು.

ಒಂದು ಗಂಟೆಯ ಹಿಂದೆ ಅವನು ಕಟ್ಟಿದ್ದ ಸುಳ್ಳು ಅದೇ. ಅದನ್ನು ಅವನಿಗಿಂತ ಮೊದಲು, ಅವನಿಗಾಗಿಯೇ, ಅಕ್ಕ ದಿನವೂ ಹೇಳಿಟ್ಟಿದ್ದಳು. ತಲೆಯಾಡಿಸಿದ್ದರೆ ಮುಗಿದುಹೋಗುತ್ತಿತ್ತು. ಅವನು ಬಾಗಿಲ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು, ಆ ಚಪ್ಪಲಿಯನ್ನು ಕೈಗೆತ್ತಿಕೊಂಡು ಮಗುಚಿದ. ಬಹಳ ಹೊತ್ತು ನೋಡಿದ.

"ಬರೀಬೇಡಿ ಡಾಕ್ಟ್ರೇ. ನಾನು ಈ ಮನೆಗೆ ಬಂದು ಏಳು ತಿಂಗಳಾಯ್ತು."

"ಮತ್ತೆ ಆ ಚಪ್ಪಲಿ ಯಾರದ್ದು?" ಎಂದರು ಟೀಚರು.

ಅದರ ಅಟ್ಟೆ ಕೂದಲೆಳೆಯಷ್ಟೂ ಸವೆದಿರಲಿಲ್ಲ. ಅಳತೆ ಅವನದೇ ಕಾಲಿನದು.