ಗೋವಾಕ್ಕೆ ಹೋದ ಬೋಟು

ಕಡಲು ಬತ್ತಿ ಬಂದರು ಮರುಭೂಮಿಯಾದ ಮೇಲೆ, ಮೀನು ಮಾರುತ್ತಿದ್ದ ಗುಲಾಬಿ ಪ್ರವಾಸಿಗರನ್ನು ಒಂಟೆಗಳ ಮೇಲೆ ಸುತ್ತಾಡಿಸುವ ಕೆಲಸ ಹಿಡಿದಿದ್ದಳು. ಮೊದಲು ಉಪ್ಪಿನ ದಿಬ್ಬ, ಆಮೇಲೆ ತಿಮಿಂಗಿಲದ ಎಲುಬಿನ ಚಪ್ಪರದಡಿ ಗಂಜಿಯೂಟ, ಕೊನೆಗೆ ಮರಳಲ್ಲಿ ವಾಲಿ ನಿಂತ ಹಳೇ ಬೋಟು.

ಇವತ್ತಿನ ಗುಂಪಿನಲ್ಲಿ ಮುಖಕ್ಕೆ ಶಾಲು ಸುತ್ತಿಕೊಂಡ ಮುದುಕನೊಬ್ಬನಿದ್ದ. ಒಂಟೆ ಹತ್ತುವ ಮುನ್ನ ಅವನು ಅದರ ಪಕ್ಕೆ ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡ. ಬೋಟು ಹತ್ತುವಾಗ ಕಡಲಿನವರು ಮಾಡುವ ನಮಸ್ಕಾರ ಅದು. ಗುಲಾಬಿ ಶಾಲಿನ ಸಂದಿಯಲ್ಲಿ ಇಣುಕಿದಳು. ಅದೇ ಬೆಕ್ಕಿನ ಕಣ್ಣು, ಆ ಹಳೇ ಬೋಟಿನ ಧಣಿ ಸೂರಯ್ಯ! ಏನೂ ಅರಿಯದವಳಂತೆ ಒಂಟೆ ಎಬ್ಬಿಸಿದಳು.

ಬೋಟಿನ ಬಳಿ ಎಲ್ಲರನ್ನೂ ಇಳಿಸಿ, ದಿನಾ ಹೇಳುವುದನ್ನೇ ಹೇಳಿದಳು: “ಇದನ್ನ ನಡ್ಸ್ತಿದ್ದದ್ ನನ್ ಗಂಡ ಬಚ್ಚ. ಬೋಟ್ ಕದ್ಕಂಡ್ ಗೋವಾಕ್ಕೆ ಓಡಿ ಹೋದ ಅಂದೇಳಿ ಧಣಿ ಊರಿಡೀ ಸಾರಿದ್ರ್. ಕಳ್ಳನ ಹೆಂಡ್ತಿ ಅಂದೇಳಿ ನನ್ನ ಮೀನ್ ಯಾರೂ ಮುಟ್ಟಲಿಲ್ಲ. ಈಗ ಇದರ ಅಡಿ ಕಾಣಿ. ಕೊಳ್ತ್ ಹೋದ ಹಲ್ಗಿ ಮೇಲೆ ತಗಡ್ ಬಡ್ದ್, ಡಾಂಬರ್ ಬಳ್ದ್ ಧಣಿಯೇ ಕಳ್ಸಿದ್ರ್. ಇಲ್ಲೇ ಮುಳ್ಗಿತ್, ನನ್ ಗಂಡನೂ ಅದ್ರೊಟ್ಟಿಗೆ.”

“ಆ ಧಣಿ ಈಗ ಎಲ್ಲಿದ್ದಾನೆ?” ಯಾರೋ ಕೇಳಿದರು.

“ಇಲ್ಲೇ ಇದ್ರಲೆ,” ಎಂದು ಗುಲಾಬಿ ಮುದುಕನ ಶಾಲು ಎಳೆದಳು. ಅವನ ಖಾಲಿ ಒಂಟೆಯ ಹಗ್ಗವನ್ನು ತನ್ನ ಒಂಟೆಗೆ ಬಿಗಿದಳು. ಉಳಿದವರು ತಮ್ಮ ತಮ್ಮ ಒಂಟೆ ಹತ್ತಿದರು.

“ಗುಲಾಬೀ, ನನ್ನನ್ನ ಊರಿಗೆ ಕರ್ಕಂಡ್ ಹೋಗೇ,” ಸೂರಯ್ಯ ಅಂಗಲಾಚಿದ.

“ಎಂತಕ್ಕೆ ಧಣಿ? ಈ ಬೋಟ್ ಗೋವಾಕ್ಕೆ ಹೋಯ್ತ್ ಅಂದೇಳಿ ನೀವೇ ಹೇಳಿದ್ರಲೆ,” ಎಂದಳು ಗುಲಾಬಿ, ಒಂಟೆಯನ್ನು ಊರಿನತ್ತ ತಿರುಗಿಸುತ್ತಾ. “ಬೋಟ್ ಹತ್ತಿ ಕೂಕಣಿ. ಹೋಯ್ ಬನ್ನಿ.”